ಬೀಗರ ಎಲೆಯ ಮೇಲೆ ಎದೆ ತುಂಡು

1969ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ತರಗತಿ ಪಾಸಾಗಿತ್ತು, ಒಂಬತ್ತಕ್ಕೆ ಹೆಸರು ಹಚ್ಚಿದ್ದೂ ಆಗಿತ್ತು. ಆ ಬೇಸಿಗೆಯಲ್ಲಿ ಅಪ್ಪ ಬಾವಿ ತೋಡುವ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಮನೆಗೆ ದುಡಿಯುವ ಕೈ ಬೇಕಾಯಿತು, ನನ್ನದನ್ನು ಕೊಟ್ಟೆ. ಹಗರಿಬೊಮ್ಮನಹಳ್ಳಿಯ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಗ್ರೀಸು ಒರೆಸುವುದರಿಂದ ಶುರು ಮಾಡಿದವನು, ಸುಟ್ಟ ಮೋಟಾರಿನ ಹೊಟ್ಟೆ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗಿಸುವಷ್ಟು ಕಲಿತೆ. ಹಳ್ಳಿಹಳ್ಳಿಗೂ ಕರೆಂಟು ಬರುತ್ತಿದ್ದ ಕಾಲ. ಬಾವಿಗೊಂದು ಪಂಪು, ಪಂಪು ಕೂಡಿಸಿದ ಕಡೆಯೆಲ್ಲ ಮೋಟಾರು ಸುಡುವುದು. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಎಲ್ಲಿ ಕರೆದರೂ ಸೈಕಲ್ಲಿಗೆ ಸಾಮಾನಿನ ಚೀಲ ಕಟ್ಟಿಕೊಂಡು ಹೋಗುತ್ತಿದ್ದೆ. ಕೆಲವು ವರ್ಷಕ್ಕೆ ನನ್ನದೇ ಒಂದು ಸಣ್ಣ ಅಂಗಡಿ ಆಯಿತು. ಶಾಲೆ ಬಿಟ್ಟವನು ಪಾಪ ಎಂದು ಯಾರಾದರೂ ಕನಿಕರ ತೋರಿಸಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಯಾರ ಮುಂದೆಯೂ ಕೈ ಚಾಚಿದವನಲ್ಲ.

ಒಬ್ಬರ ಮುಂದೆ ಮಾತ್ರ ಚಾಚಿದ್ದೇನೆ. ಅದು ಕೈ ತೊಳೆಸಿಕೊಳ್ಳಲು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೂಡ್ಲಿಗಿಯ ಹೊರಗೆ ಒಂದು ಸರ್ಕಾರಿ ಬಂಗಲೆಯಲ್ಲಿ ಅವರು ಅಡುಗೆಯವರಾಗಿದ್ದರು. ಬಂಗಲೆಗೆ ಬಂದು ಇಳಿದುಕೊಳ್ಳುವ ಸಾಹೇಬರುಗಳು ಬಂಗಲೆಯ ಆಳನ್ನು ಕರೆಯುವ ಹಾಗೆ ಅವರನ್ನು 'ಮೇಟಿ' ಅನ್ನುತ್ತಿದ್ದರು, ಮನೆಯಲ್ಲಿ ಹೆಂಡತಿ 'ಏನ್ರಿ' ಅನ್ನುತ್ತಿದ್ದರು, ಆಮೇಲಾಮೇಲೆ ನಾನು 'ಮಾವ' ಅಂದೆ. ಹೆಸರು ಹಿಡಿದು ಕರೆಯುತ್ತಿದ್ದ ಓರಗೆಯವರು ಯಾರೂ ಈಗ ಉಳಿದಿಲ್ಲ. ಕರೆಯುವವರೇ ಇಲ್ಲದ ಹೆಸರನ್ನು ನಾನು ಬರೆದು ಏನು ಮಾಡಲಿ?

ಬಂಗಲೆಯ ಬಾವಿಯ ಮೋಟಾರು ಸುಟ್ಟಾಗ ನನಗೆ ಹೇಳಿಕಳಿಸಿದ್ದರು. ಹೋಗಿ, ಬಿಚ್ಚಿ, ತಂದು, ತಂತಿ ಸುತ್ತಿ, ಮತ್ತೆ ಒಯ್ದು ಕೂಡಿಸಿದೆ. ನೀರು ಬಂತು. ಸಾಮಾನು ಕಟ್ಟಿಕೊಳ್ಳುತ್ತಿರುವಾಗ ಹಿಂದಿನ ಅಡುಗೆಮನೆಯಿಂದ ಗಿಡ್ಡನೆಯ ಒಬ್ಬರು ಹೊರಗೆ ಬಂದರು. ಹೆಗಲ ಮೇಲೆ ಅರಿಸಿನ ಬಣ್ಣಕ್ಕೆ ತಿರುಗಿದ ಟವೆಲು, ಕಿವಿಯಲ್ಲಿ ಬಿಳಿ ಕೂದಲು. ನನ್ನನ್ನು ನೋಡಲಿಲ್ಲ, ನನ್ನ ಕೈ ನೋಡಿದರು.

"ಇದಾ ಕೈಲೆ ಉಣ್ತೀಯೇನು?"

"ತೊಳ್ಕಂಡು ಉಣ್ತೀನ್ರಿ."

"ತೊಳದ್ರ ಹೋಗೋ ಎಣ್ಣಿ ಅಲ್ಲಪ್ಪ ಅದು. ಕುಂದ್ರು ಇಲ್ಲಿ."

ಒಲೆಯ ಬೂದಿ ತಂದರು, ಹಿಂಡಿ ಬಿಸಾಕಿದ್ದ ನಿಂಬೆ ಸಿಪ್ಪೆ ತಂದರು. ನನ್ನ ಒಂದೊಂದೇ ಬೆರಳು ಹಿಡಿದು ಉಗುರಿನ ಸಂದಿಯನ್ನೆಲ್ಲ ತಿಕ್ಕಿದರು. ಮೀಸೆ ಬಂದ ಗಂಡಸಿನ ಕೈಯನ್ನು ಇನ್ನೊಬ್ಬ ಗಂಡಸು ಹೀಗೆ ತಿಕ್ಕುವುದು ನನಗೆ ಮುಜುಗರವಾಯಿತು. ಆದರೂ ಎಳೆದುಕೊಳ್ಳಲಿಲ್ಲ. ಅವರು ಹಿಡಿದ ರೀತಿ ಹಾಗಿತ್ತು. ನೀರು ಹಾಕಲು ಮಗಳನ್ನು ಕರೆದರು. ನಾನು ತಲೆ ಎತ್ತಲಿಲ್ಲ. ಚೊಂಬು ಬಾಗಿಸಿದ ಕೈಯ ಹಸಿರು ಬಳೆಗಳು, ಒದ್ದೆ ನೆಲದ ಮೇಲೆ ಎರಡು ಪಾದ, ಇಷ್ಟೇ ಕಂಡದ್ದು.

"ಮೋಟಾರಿನ ಎಣ್ಣಿ ಮೋಟಾರಿಗೆ ಇರ್ಲಿ, ಹೊಟ್ಟಿಗೆ ಬ್ಯಾಡ" ಅಂದರು.

ಆಮೇಲೆ ನನಗೆ ಹೆಣ್ಣು ಹುಡುಕುವ ಮಾತು ಬಂದಾಗ ಅವರ ಮನೆಗೆ ಕೊಟ್ಟೂರಿನ ನೆಂಟರೊಬ್ಬರ ಬಾಯಲ್ಲಿ ಕೇಳಿಸಿದೆವು. ಹುಡುಗಿ ಹತ್ತನೆಯದು ಪಾಸು ಮಾಡಿದವಳು, ನಾನು ಎಂಟು. ಅವರ ಕಡೆಯವರು ಅದನ್ನೇ ಎತ್ತಿ ಆಡಿದರಂತೆ. ಅತ್ತೆಗೂ ಮನಸ್ಸಿರಲಿಲ್ಲ. ಮಾವ ಹೇಳಿದ್ದು ಒಂದೇ ಮಾತಂತೆ: "ಆ ಹುಡುಗ ತನ್ನ ಕೈ ನನ್ನ ಕೈಯಾಗ ಕೊಟ್ಟು ಸುಮ್ನ ಕುಂತಿದ್ದ. ಸೊಕ್ಕು ಐತಿ, ಆದ್ರ ಎಲ್ಲಿ ಕೆಳಗ ಇಡಬೇಕು ಅನ್ನಾದು ಗೊತ್ತೈತಿ." ಇದನ್ನು ನನಗೆ ಹೇಳಿದ್ದು ಅತ್ತೆಯೇ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ನನ್ನ ಸೊಕ್ಕಿನ ಬಗ್ಗೆ ಬೈಯುವಾಗ.

ಅತ್ತೆಯ ಬಾಯಿ ಜೋರು. ಮಾವನನ್ನು ಮನೆಯ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. "ಬಂಗಲಿ ಅಡಗಿ ಬಂಗಲ್ಯಾಗ ಇರ್ಲಿ. ಇಲ್ಲಿ ನನ್ನ ರೊಟ್ಟಿ ತಿಂದು ಸುಮ್ನ ಮಕ್ಕಂಡುಬಿಡ್ರಿ" ಅನ್ನುತ್ತಿದ್ದರು. ಅವರು ನಕ್ಕು ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡು ಮಲಗುತ್ತಿದ್ದರು. ಅವರ ನಗು ಸದ್ದಿಲ್ಲದ್ದು. ಹೆಗಲು ಮಾತ್ರ ಕುಣಿಯುತ್ತಿತ್ತು.

ಬಂಗಲೆಯಲ್ಲಿ ಅವರು ಮಾಡುತ್ತಿದ್ದ ಒಂದು ಅಡುಗೆ ಇತ್ತು. ಕೋಳಿಯ ಎದೆ ಮಾಂಸವನ್ನು ಸೀಳಿ, ಒಳಗೆ ತುಂಬಿ, ಹೊಲಿದು, ಬೇಯಿಸುವುದು. ತಮಗೆ ಅಡುಗೆ ಕಲಿಸಿದ ಮುದುಕರೊಬ್ಬರಿಂದ ಬಂದದ್ದಂತೆ. ಅದಕ್ಕೊಂದು ಹೆಸರು ಅಂತ ಅವರು ಇಟ್ಟಿರಲಿಲ್ಲ, 'ತುಂಬಿದ ಎದಿ' ಅನ್ನುತ್ತಿದ್ದರು. ಆಮೇಲೆ ಅವರ ಪಕ್ಕ ಕೂತು ನಾನೂ ಎಷ್ಟೋ ಸಲ ಮಾಡಿದ್ದೇನೆ, ಹಾಗಾಗಿ ಹೇಳಬಲ್ಲೆ. ನಮ್ಮ ಜವಾರಿ ಕೋಳಿಗೆ, ಅಂದರೆ ನಾಟಿ ಕೋಳಿಗೆ, ಎದೆ ಎಂಬುದು ಹೆಸರಿಗೆ ಮಾತ್ರ. ದಿನವೆಲ್ಲ ತಿಪ್ಪೆ ಕೆದರಿ ಬೇಲಿ ಹಾರುವ ಪ್ರಾಣಿ ಅದು, ಶಕ್ತಿಯೆಲ್ಲ ಕಾಲಿಗೆ ಹೋಗಿರುತ್ತದೆ. ಅದಕ್ಕೇ ಇನ್ನೂ ಮೊಟ್ಟೆ ಇಡದ ಎಳೆ ಕೋಳಿಗಳನ್ನೇ ಆರಿಸಬೇಕು. ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆದ ಮೇಲೆ, ಬೆರಳಷ್ಟು ಉದ್ದದ ಚಾಕುವಿನಿಂದ ಎದೆಯ ಎಲುಬನ್ನು ಸವರಿಕೊಂಡು ಚರ್ಮದ ಸಮೇತ ಮಾಂಸ ಬಿಡಿಸಬೇಕು. ಹರಿಯಬಾರದು. ಬಾಳೆ ಎಲೆಯ ನಡುವೆ ಇಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿ ಅಗಲ ಮಾಡಬೇಕು. ಹುಳಿ ಮೊಸರು, ಪರಂಗಿಕಾಯಿ ಅರೆದದ್ದು, ಉಪ್ಪು ಹಚ್ಚಿ ನೆರಳಲ್ಲಿ ಇಟ್ಟರೆ ಮಾಂಸ ಮೆತ್ತಗಾಗುತ್ತದೆ. ಅಷ್ಟರಲ್ಲಿ ಅದೇ ಕೋಳಿಗಳ ಕಲೀಜವನ್ನು, ಅಂದರೆ ಲಿವರನ್ನು, ಸಣ್ಣಗೆ ಕೊಚ್ಚಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಜೊತೆ ಹುರಿದು, ಶೇಂಗಾ ಪುಡಿ, ಒಣಕೊಬ್ಬರಿ, ಕೊತ್ತಂಬರಿ, ಬೇಯಿಸಿ ಪುಡಿ ಮಾಡಿದ ಮೊಟ್ಟೆ ಕಲಸಿ ಇಟ್ಟುಕೊಳ್ಳಬೇಕು. ಅದನ್ನು ಒಳಗೆ ತುಂಬಿ, ಅಂಚು ಮಡಿಸಿ, ದಪ್ಪ ನೂಲಿನಿಂದ ದೂರದೂರ ಹೊಲಿಗೆ ಹಾಕಬೇಕು. ಶೇಂಗಾ ಎಣ್ಣೆಯಲ್ಲಿ ಎರಡೂ ಮಗ್ಗುಲು ಕೆಂಪಗೆ ಮಾಡಿ, ಸ್ವಲ್ಪ ಮಸಾಲೆ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಕೆಂಡ. ಬೆಂದಿದೆಯೋ ಇಲ್ಲವೋ ಎಂದು ಅವರು ಎಂದೂ ಚುಚ್ಚಿ ನೋಡಿದವರಲ್ಲ. ಮುಚ್ಚಳದ ಅಂಚಿಗೆ ಮೂಗು ಒಯ್ದು, ಕಣ್ಣು ಮುಚ್ಚಿ, "ಇನ್ನಾ ಹಸೀ ಬೆಳ್ಳುಳ್ಳಿ ಮಾತಾಡಾಕತ್ತೇತಿ" ಅನ್ನುವರು. ಆ ವಾಸನೆ ಸುಮ್ಮನಾದ ಮೇಲೆ ಇಳಿಸುವರು.

ಕೊನೆಗೆ ಒಂದು ಕೆಲಸ ಉಳಿಯುತ್ತಿತ್ತು. ತುಂಡನ್ನು ಬಡಿಸಿದ ಮೇಲೆ ನೂಲಿನ ತುದಿ ಹಿಡಿದು ಒಂದೇ ಸಲಕ್ಕೆ ಎಳೆದುಬಿಡುವುದು. ಹೊಲಿಗೆಯೆಲ್ಲ ಸರ್ರನೆ ಬಿಚ್ಚಿ ಅವರ ಬೆರಳಿಗೆ ಬರುತ್ತಿತ್ತು, ತುಂಡು ಮಾತ್ರ ಅಲುಗುತ್ತಿರಲಿಲ್ಲ.

ಒಂದು ಕೋಳಿಗೆ ಎರಡೇ ತುಂಡು. ಒಂದು ಸಾಲಿಗೆ ಬಡಿಸಬೇಕೆಂದರೆ ಎಷ್ಟು ಕೋಳಿ ಬೇಕು ನೀವೇ ಲೆಕ್ಕ ಹಾಕಿ. ಹೀಗಾಗಿ ಆ ಅಡುಗೆ ಅವರ ಸ್ವಂತ ಮನೆಯಲ್ಲಿ ಒಮ್ಮೆಯೂ ಆಗಿರಲಿಲ್ಲ. ಮಗಳ ಮಾತು ಮುಗಿಸಲು ನಮ್ಮ ಕಡೆಯವರು ಬರುತ್ತಾರೆಂದು ಗೊತ್ತಾದಾಗ ಅವರು ಅಂದು ಅದನ್ನೇ ಮಾಡುವುದೆಂದು ನಿಶ್ಚಯ ಮಾಡಿಬಿಟ್ಟರು. ಮರಿಗಳನ್ನು ತಂದು ಮನೆಯ ಹಿಂದೆ ಸಾಕಿದರು. ನುಚ್ಚು ಹಾಕುವಾಗ "ಬಾರವ್ವ, ಉಣ್ಣವ್ವ, ನಮ್ಮ ಹುಡಿಗಿ ಮದಿವಿ ಐತಿ" ಎಂದು ಅವುಗಳೊಂದಿಗೆ ಮಾತಾಡುತ್ತಿದ್ದರಂತೆ.

ಅತ್ತೆ ಎಚ್ಚರಿಸಿದ್ದರು. "ಬೀಗರಿಗೆ ಎಲ್ರೂ ಹಾಕಿದಂಗ ಕಾಲು ಹಾಕ್ರಿ. ಇಲ್ಲದ್ದು ಮಾಡಾಕ ಹೋಗಬ್ಯಾಡ್ರಿ."

"ಕಾಲು ಎಲ್ರೂ ಹಾಕ್ತಾರ" ಅಂದರಂತೆ ಮಾವ.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ಬೀಗರ ಊಟದಲ್ಲಿ ಕೋಳಿಯ ಒಂದೊಂದು ತುಂಡಿಗೂ ಒಬ್ಬ ಯಜಮಾನ ಇರುತ್ತಾನೆ. ಕಾಲು ಬೀಗರ ಕಡೆಯ ಹಿರಿಯರಿಗೆ ಮತ್ತು ಗಂಡಿಗೆ. ಕಲೀಜ ಅಜ್ಜ ಅಜ್ಜಿಯರಿಗೆ. ರೆಕ್ಕೆ, ಕುತ್ತಿಗೆ ಹುಡುಗರಿಗೆ. ಎದೆ ತುಂಡು ಒಣಕಲು, ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಯಾರಿಗೂ ಬೇಡವಾಗಿ ಅದು ಕಡೆಗೆ ಅಡುಗೆ ಮಾಡಿದ ಹೆಂಗಸರ ತಟ್ಟೆಗೆ ಬೀಳುತ್ತದೆ. ಬೀಗರ ಎಲೆಗೆ ಎದೆ ತುಂಡು ಹಾಕಿದರೆ, ನಿಮ್ಮ ಸಂಬಂಧ ನಮಗೆ ಅಷ್ಟಕ್ಕಷ್ಟೇ ಎಂದು ಹೇಳಿದಂತೆ. ಉಂಡು ಎದ್ದ ಮೇಲೆ ಎಲೆ ಅಡಿಕೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಉಣ್ಣದೆ ನಡುವೆ ಎದ್ದರೆ ಅಲ್ಲಿಗೇ ಮುಗಿಯಿತು, ಮತ್ತೆ ಕೇಳುವಂತಿಲ್ಲ.

ಈ ಪದ್ಧತಿ ಮಾವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅಷ್ಟು ವರ್ಷ ಬಂಗಲೆಯಲ್ಲಿ ಆ ತುಂಡನ್ನು ಎಲ್ಲಕ್ಕಿಂತ ಮೇಲಿನ ಊಟವೆಂದು ಮಾಡಿ ಮಾಡಿ, ತಿನ್ನುವ ಮೊದಲು ಅದು ಬರೀ ಎದೆ ತುಂಡಿನಂತೆ ಕಾಣುತ್ತದೆ ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ.

ಸೊಂಟ ಮುರಿದ ಅಪ್ಪ ಬರುವಂತಿರಲಿಲ್ಲ, ಅವ್ವ ಅವನ ಜೊತೆ ಉಳಿದಳು. ಹಿರೇಹಡಗಲಿಯ ನಮ್ಮ ದೊಡ್ಡಪ್ಪನೇ ಯಜಮಾನನಾಗಿ ಬಂದ. ದನದ ವ್ಯಾಪಾರ ಮಾಡುತ್ತಿದ್ದವನು. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿದಂತೆಯೇ ಮನುಷ್ಯರನ್ನೂ ನೋಡುವವನು. ಅಪ್ಪನ ತಾಯಿ, ನಮ್ಮ ಅಜ್ಜಿಯೂ ಬಂದಳು. ಮೊಮ್ಮಗನ ಹೆಂಡತಿಯನ್ನು ನೋಡಿಯೇ ಸಾಯುತ್ತೇನೆಂದು ಹಟ ಹಿಡಿದು ಬಂದದ್ದು. ಜೊತೆಗೆ ನಾಲ್ಕಾರು ಹಿರಿಯರು.

ಬಂಗಲೆಯ ಹಿಂದಿನ ಅವರ ಮನೆ ಸಣ್ಣದು. ಅಂಗಳದ ಬೇವಿನ ನೆರಳಲ್ಲಿ ಕಂಬಳಿ ಹಾಸಿ, ಮುತ್ತುಗದ ಎಲೆ ಹಾಕಿದ್ದರು. ಅಂಗಳಕ್ಕೂ ಪಕ್ಕದ ಮನೆಗೂ ನಡುವೆ ಮೊಣಕಾಲೆತ್ತರದ ಗೋಡೆ. ರೊಟ್ಟಿ ಬಂತು, ಪಲ್ಯ ಬಂತು. ಆಮೇಲೆ ಮಾವ ತಾವೇ ಪಾತ್ರೆ ಹಿಡಿದು ಬಂದರು. ಒಬ್ಬೊಬ್ಬರ ಎಲೆಗೂ ಒಂದು ತುಂಡು ಇಟ್ಟು, ಬಾಗಿ, ನೂಲು ಎಳೆದು, ಮುಂದಕ್ಕೆ ಹೋಗದೆ ಅಲ್ಲೇ ಅರೆಗಳಿಗೆ ನಿಂತು ಅವರ ಮುಖ ನೋಡುತ್ತಿದ್ದರು.

ದೊಡ್ಡಪ್ಪ ತುಂಡನ್ನು ಒಂದು ಬೆರಳಿನಿಂದ ಮಗುಚಿದ. "ಇದೇನ್ರಿ ಇದು?"

"ಬ್ಯಾರೇ ಥರದ್ದು ಐತ್ರಿ ಬೀಗ್ರ. ಮುರ್ಕಂಡು ನೋಡ್ರಿ."

"ಮುರಿಯಾದು ಆಮ್ಯಾಲ. ಕಾಲು ಎಲ್ಲಿ?"

ಮಾವ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪನ ಕಣ್ಣು ಗೋಡೆಯ ಆಚೆಗೆ ಹೋಯಿತು. ಎದೆ ಬಿಡಿಸಿದ ಮೇಲೆ ಉಳಿದ ಕೋಳಿಯನ್ನೆಲ್ಲ ಮಾವ ಸಾರು ಮಾಡಿ, ಬೆಳಗಿನಿಂದ ನೀರು ಹೊತ್ತು, ಪುಕ್ಕ ಕಿತ್ತು, ರೊಟ್ಟಿ ತಟ್ಟಿದ ನೆರೆಮನೆಯವರಿಗೆ ಕೊಟ್ಟಿದ್ದರು. ಆ ಮನೆಯ ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದರ ಕೈಯಲ್ಲೂ ಒಂದೊಂದು ಕಾಲು, ಬಾವುಟ ಹಿಡಿದಂತೆ.

"ಓಹೋ! ಕಾಲು ಕೇರಿ ಹುಡುಗ್ರಿಗೆ, ಎದಿ ಬೀಗರಿಗೇನು? ಅದೂ ಹರಕ ಅಂಗಿ ಹೊಲದಂಗ ದಾರ ಹಾಕಿ! ನಾವೇನು ಭಿಕ್ಷಾ ಬೇಡಾಕ ಬಂದೀವೇನ್ರಿ?"

ಎಲ್ಲರ ಕೈಗಳೂ ನಿಂತವು. ದೊಡ್ಡಪ್ಪ ಎಡಗೈ ನೆಲಕ್ಕೂರಿ ಒಂದು ಮೊಣಕಾಲು ಎತ್ತಿದ. ಒಳಗೆ ಬಾಗಿಲ ಸಂದಿಯಲ್ಲಿ ಹಸಿರು ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು. ಮಾವ ಆಗತಾನೆ ಎಳೆದ ನೂಲನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಎಲ್ಲರ ಮುಖವನ್ನು ಒಂದೊಂದಾಗಿ ನೋಡಿದರು, ಅಷ್ಟೇ.

ಹಿರಿಯರು ಕೂತಾಗ ಗಂಡು ಬಾಯಿ ಬಿಡುವಂತಿಲ್ಲ. ನಾನು ಬಿಟ್ಟೆ.

"ದೊಡ್ಡಪ್ಪ, ನಾನು ಏಳಾಂಗಿಲ್ಲ."

"ನಿನ್ನ ಯಾರು ಕೇಳ್ಯಾರಲೇ?"

"ಕೇಳದಿದ್ರೂ ಹೇಳ್ತೀನಿ. ಉಂಡ ಏಳ್ತೀನಿ."

ಅಷ್ಟರಲ್ಲಿ ಗೋಡೆಯ ಆಚೆಯಿಂದ ನೆರೆಮನೆಯಾಕೆ ಎದ್ದು ಬಂದಳು. ಕೈಯಲ್ಲಿ ಒಂದು ಕಾಲು. "ಯಣ್ಣಾ, ಕಾಲಿನ ಸಲುವಾಗಿ ಜಗಳ ಯಾಕ? ತಗ, ನಮ್ಮ ಹುಡುಗ ಇನ್ನಾ ಕಚ್ಚಿಲ್ಲ!" ಅದನ್ನು ಕಸಿದುಕೊಂಡದ್ದಕ್ಕೆ ಹಿಂದೆ ಒಂದು ಕೂಸು ಹೋ ಎಂದು ಅತ್ತಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪನ ಮುಖ ಇನ್ನೂ ಕೆಂಪಾಯಿತು. ಎತ್ತಿದ ಮೊಣಕಾಲಿಗೆ ಇನ್ನೊಂದು ಸೇರುವುದರಲ್ಲಿತ್ತು.

"ಯಪ್ಪಾ, ಇಲ್ಲಿ ಬಾ" ಎಂದು ಸಾಲಿನ ತುದಿಯಿಂದ ಅಜ್ಜಿ ಮಾವನನ್ನು ಕರೆದಳು. ಅವಳಿಗೆ ಕಿವಿ ಅರ್ಧ ಕೇಳುತ್ತಿತ್ತು. ಈ ಗದ್ದಲ ಅವಳಿಗೆ ಎಷ್ಟು ತಲುಪಿತ್ತೋ ಗೊತ್ತಿಲ್ಲ. ಅವಳ ಎಲೆ ಮಾತ್ರ ಖಾಲಿಯಾಗಿತ್ತು. "ಇದನ್ನ ಮಾಡಿದಾಕಿ ಯಾರು?"

"ನಾನಾ ಯವ್ವಾ."

"ಗಂಡ್ಸು?"

"ಹೂಂ ಯವ್ವಾ."

ಅಜ್ಜಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಹಲ್ಲು ಹೋದಾಗಿಂದ ಬರೇ ಸಾರಿನ್ಯಾಗ ರೊಟ್ಟಿ ನೆನಸ್ಕಂಡು ನುಂಗಾಕತ್ತಿದ್ದೆ. ನಮ್ಮ ಯಜಮಾನ ಸತ್ತಮ್ಯಾಲ ಇವತ್ತಾ ಬಾಡು ತಿಂದೀನಿ ನೋಡು. ಇನ್ನೊಂದು ಐತೇನು?"

"ಐತಿ ಯವ್ವಾ."

"ಹಾಕು ಮತ್ತ. ಯಾಕ ನಿಂತಿ?" ಅಂದವಳು ದೊಡ್ಡಪ್ಪನ ಕಡೆ ತಿರುಗಿದಳು. "ಲೇ, ನೀ ಯಾಕ ಹಂಗ ಒಂಟಿಗಾಲಿನ ಕೊಕ್ಕರಿ ಆಗೀಯಿ? ಕುಂದ್ರು. ನಾನಿನ್ನಾ ಉಣ್ಣಾಕತ್ತೀನಿ. ಸಾಲಾಗ ಹಿರ್ಯಾರು ಕೈ ತೊಳಿಯೋಕಿಂತ ಮುಂಚೆ ಏಳಾದು ಯಾವ ಸಂತ್ಯಾಗ ಕಲತಿ?"

ಎದೆ ತುಂಡು ಹಾಕುವುದು ಅವಮಾನ ಎನ್ನುವ ಪದ್ಧತಿ ಎಷ್ಟು ಹಳೆಯದೋ, ಹಿರಿಯರು ಏಳುವ ಮೊದಲು ಏಳಬಾರದು ಎನ್ನುವ ಪದ್ಧತಿ ಅದಕ್ಕಿಂತ ಹಳೆಯದು. ದೊಡ್ಡಪ್ಪನ ಮೊಣಕಾಲು ಮೆಲ್ಲಗೆ ನೆಲ ಮುಟ್ಟಿತು. ಅಜ್ಜಿ ಎರಡನೆಯದನ್ನು ಒಸಡಿನಲ್ಲಿ ಅರೆಯುತ್ತ, ಬಹಳ ನಿಧಾನವಾಗಿ, ಲೋಕದಲ್ಲಿ ಬೇರೆ ಕೆಲಸವೇ ಇಲ್ಲದವಳಂತೆ ಉಂಡಳು. ಎದುರಿಗೆ ಎಲೆ, ಎಲೆಯ ಮೇಲೆ ಆ ತುಂಡು. ದೊಡ್ಡಪ್ಪ ಎಷ್ಟು ಹೊತ್ತು ಸುಮ್ಮನೆ ಕೂತಾನು? ಮುರಿದ. ಒಳಗಿನಿಂದ ಹಬೆ ಬಂತು. ಒಂದು ತುತ್ತು ಬಾಯಿಗಿಟ್ಟ. ಮೇಲೆ ಬೇವಿನ ಮರ ನೋಡಿದ. ಇನ್ನೊಂದು ತುತ್ತು. ಆಮೇಲೆ ಯಾರ ಕಡೆಯೂ ನೋಡದೆ, ಸೋಲೊಪ್ಪದ ದನಿಯಲ್ಲಿ ಕೇಳಿದ:

"ಅದಿರ್ಲಿ. ಕಲೀಜ ಎಲ್ಲಿ?"

ಬಾಗಿಲಿನಿಂದ ಅತ್ತೆಯ ದನಿ ಬಂತು. "ನಿಮ್ಮ ಬಾಯಾಗ ಐತ್ರಿ."

ಸಾಲಿಗೆ ಸಾಲೇ ನಕ್ಕಿತು. ದೊಡ್ಡಪ್ಪನಿಗೂ ನಗು ಬಂದು, ನೆತ್ತಿಗೆ ಹತ್ತಿ, ಕೆಮ್ಮಿ, ಕಣ್ಣಲ್ಲಿ ನೀರು ಬಂತು. ಉಂಡು ಎದ್ದು ಎಲೆ ಅಡಿಕೆ ಬದಲಾಯಿಸಿಕೊಂಡರು. ಮಾತು ಗಟ್ಟಿಯಾಯಿತು.

ಎಲ್ಲರೂ ನಗುವಾಗ ಮಾವ ಅಲ್ಲಿರಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಹೋದೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಡ ಕೆದಕುತ್ತಿದ್ದರು. ನನ್ನನ್ನು ನೋಡಿ ಎದ್ದರು.

"ಗದ್ದಲದಾಗ ನೀ ಉಂಡಿದ್ದು ನಾ ನೋಡಲಿಲ್ಲಲ್ಲಪ್ಪ."

"ಚೊಲೋ ಆಗಿತ್ರಿ" ಅಂದೆ.

"ಹಂಗಲ್ಲ. ಕುಂದ್ರು."

ತಮಗೆಂದು ಎತ್ತಿಟ್ಟಿದ್ದ ತುಂಡನ್ನು ಒಂದು ತಟ್ಟೆಯಲ್ಲಿ ಇಟ್ಟು ಕೊಟ್ಟರು. ಹೊಟ್ಟೆ ತುಂಬಿತ್ತು. ಬೇಡ ಅನ್ನಬಹುದಿತ್ತು. ಆದರೆ ಅವರು ನನ್ನ ಎದುರಿಗೆ ಕೂತು, ಮೊಣಕಾಲ ಮೇಲೆ ಗದ್ದ ಇಟ್ಟು, ನನ್ನ ಮುಖವನ್ನೇ ನೋಡತೊಡಗಿದ್ದರು. ಪರೀಕ್ಷೆ ಬರೆಯುವವನಂತೆ ಉಂಡೆ. ಮುಗಿಸಿದಾಗ ಅವರ ಹೆಗಲು ಸದ್ದಿಲ್ಲದೆ ಕುಣಿಯಿತು.

ಉಣ್ಣುವವರನ್ನು ಹೀಗೆ ನುಂಗುವಂತೆ ನೋಡುವುದು ನಮ್ಮಲ್ಲಿ ಒಳ್ಳೆಯದಲ್ಲ, ದೃಷ್ಟಿ ತಾಗುತ್ತದೆ ಅನ್ನುತ್ತಾರೆ. ಮಾವನನ್ನು ಆ ಚಾಳಿ ಬಿಡಲಿಲ್ಲ. ನಮ್ಮ ಮನೆಗೆ ಬಂದಾಗಲೂ ತಾವು ಕಡೆಗೆ ಉಣ್ಣುವುದು, ಮೊದಲು ಎಲ್ಲರ ಎದುರಿಗೆ ಕೂತು ನೋಡುವುದು. ನನ್ನ ಮಕ್ಕಳು ದೂರು ಹೇಳುತ್ತಿದ್ದವು: "ಯವ್ವಾ, ತಾತ ನಮ್ಮ ಬಾಯೊಳಗ ನೋಡಾಕತ್ತಾನ!" ನನ್ನ ಹೆಂಡತಿ ತಟ್ಟೆ ಮರೆಮಾಡಿದಂತೆ ಮಾಡಿ ನಗಿಸುತ್ತಿದ್ದಳು.

ಕಾರಣ ನನಗೆ ತಿಳಿದದ್ದು ಅವರು ನಿವೃತ್ತಿಯಾದ ದಿನ. ಕರೆದುಕೊಂಡು ಬರಲು ನಾನು ಹೋಗಿದ್ದೆ. ಹಾರ ಹಾಕಿದ್ದರು, ಒಂದು ಗಡಿಯಾರ ಕೊಟ್ಟಿದ್ದರು. ಹೊರಡುವ ಮುಂಚೆ, ಬಾ, ಒಂದು ತೋರಿಸುತ್ತೇನೆ ಎಂದು ಬಂಗಲೆಯ ಊಟದ ಕೋಣೆಗೆ ಕರೆದೊಯ್ದರು. ಅಡುಗೆಮನೆಗೂ ಅದಕ್ಕೂ ನಡುವೆ ಒಂದು ದಪ್ಪ ಹಸಿರು ಪರದೆ.

"ತಾಟು ಇಡಬೇಕು, ಪರದಿ ಹಿಂದಕ್ಕ ಬರಬೇಕು. ಇಷ್ಟಾ ನನ್ನ ಕೆಲಸ" ಅಂದರು. "ಚಮಚಾ ಸದ್ದು ಕೇಳ್ತಿತ್ತು. ಮಾತು ಕೇಳ್ತಿತ್ತು. ಉಣ್ಣಾರ ಮುಖ ಒಂದು ದಿನಾನೂ ನೋಡಿಲ್ಲ ನಾನು. ಖಾಲಿ ತಾಟು ನೋಡಿ ಇವತ್ತು ಚೊಲೋ ಆಗಿತ್ತು ಅನ್ಕಂಬಾದು. ಅವತ್ತು ನಿಮ್ಮ ದೊಡ್ಡಪ್ಪ ಎದ್ದಿದ್ರ..."

ಪರದೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, "ಒಗದು ಭಾಳ ದಿನ ಆಗೇತಿ ಇದನ್ನ" ಅಂದು ಹೊರಟರು.

ದೊಡ್ಡಪ್ಪ ಆಮೇಲೆ ಅವರ ಪಕ್ಕಾ ಗಿರಾಕಿ ಆದ. ಮಾವ ನಮ್ಮ ಮನೆಗೆ ಬಂದಿದ್ದಾರೆಂದು ಗೊತ್ತಾದರೆ ಸಾಕು, ಹಿರೇಹಡಗಲಿಯಿಂದ ಮೊದಲ ಬಸ್ಸಿಗೇ ಹತ್ತುತ್ತಿದ್ದ. ಬರುವಾಗ ಕಂಕುಳಲ್ಲಿ ಎರಡು ಕೋ‍ಳಿ. "ಬೀಗ್ರ, ಕಾಲು ನೀವಾ ಇಟ್ಕಳ್ರಿ" ಅನ್ನುತ್ತಿದ್ದ. ಮಾವ ಕೋಳಿಯ ಎದೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಇದು ನಿಮ್ಮ ವಯಸ್ಸಿಂದು ಐತ್ರಿ, ಸಾರಿಗೆ ಹಾಕ್ತೀನಿ" ಅನ್ನುವರು.

ಆ ದಿನಗಳಲ್ಲೇ ನನಗೂ ಕಲಿಸಿದ್ದು. ಗಂಡಸು ಮನೆಯಲ್ಲಿ ಒಲೆ ಹಚ್ಚಿದರೆ ಓಣಿಯವರು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ ನನಗಿತ್ತು. "ಮೋಟಾರ್ ಬಿಚ್ಚಾಕ ನಾಚಿಕಿ ಇಲ್ಲ, ಕೋಳಿ ಬಿಚ್ಚಾಕ ನಾಚಿಕಿ ಏನು?" ಅಂದರು. ಮೊದಲ ಸಲ ಗುಂಡುಕಲ್ಲಿನಿಂದ ಜೋರಾಗಿ ಬಡಿದು ಮಾಂಸ ಹರಿದುಬಿಟ್ಟೆ. ಬೈಯಲಿಲ್ಲ. ಬೇರೆ ಕಡೆಯ ಚರ್ಮದ ಪಟ್ಟಿ ತೆಗೆದು ತೇಪೆ ಹಾಕಿದರು. ಹೊಲಿಗೆ ಮಾತ್ರ ನನ್ನದು ಮೊದಲ ದಿನವೇ ಸರಿ ಬಂತು. ಸಣ್ಣ ತಂತಿಯನ್ನು ಸಂದಿಯಲ್ಲಿ ನುಸುಳಿಸಿ ರೂಢಿಯಾದ ಬೆರಳು. ಅವರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಮೊದಲ ದಿನ ನೋಡಿದ ಹಾಗೆಯೇ. ಅದು ನನಗೆ ಸಾಕಾಗಿತ್ತು.

ಎಂಬತ್ತರ ನಂತರ ನಮ್ಮ ಊರಿಗೂ ಫಾರಂ ಕೋಳಿ ಬಂತು. ಒಂದನ್ನು ತಂದು ಮಾವನ ಮುಂದೆ ಇಟ್ಟೆ. ಹೆಬ್ಬೆರಳು ಒತ್ತಿದರು, ಬೆರಳು ಅರ್ಧ ಒಳಗೆ ಹೋಯಿತು. "ಇದೇನೋ ಎದಿ, ದಿಂಬು ಐತಲ್ಲೋ!" ಅಂದರು. ಎಲುಬಿನಿಂದ ಮಾಂಸ ಬಿಡಿಸುವಾಗ ಅವರಿಗೇ ನಗು ತಡೆಯಲಾಗಲಿಲ್ಲ. ಒಂದೇ ಕೋಳಿ, ಅದರ ಎರಡು ಎದೆಯನ್ನು ಸೀಳಿದರೆ ಇಡೀ ಮನೆಗೆ ಸಾಲುವಷ್ಟು ತುಂಡು. ಪರಂಗಿಕಾಯಿ ಹಚ್ಚಿದ್ದಕ್ಕೆ ಮಾಂಸ ಮುದ್ದೆಯಾಗಿ ತುಂಬಿದ್ದೆಲ್ಲ ಹೊರಗೆ ಬಂತು. ಎರಡನೆಯ ಸಲ ಪರಂಗಿ ಬಿಟ್ಟರು, ಬರೀ ಮೊಸರು ಹಚ್ಚಿದರು. ಚೆನ್ನಾಯಿತು. "ರುಚಿ ಜವಾರಿಗೆ ಬರಂಗಿಲ್ಲ" ಅಂದರು. ಆದರೆ ಮಕ್ಕಳು ಒಬ್ಬೊಬ್ಬರು ಒಂದೊಂದು ಇಡೀ ತುಂಡು ಹಿಡಿದು ತಿನ್ನುವುದನ್ನು ನೋಡಿ, ಅವತ್ತು ಉಣ್ಣುವುದನ್ನೇ ಮರೆತರು. ಅತ್ತೆ ಬೈದು ಎಬ್ಬಿಸಿದರು.

ಕೊನೆಯ ಕಾಯಿಲೆಯಲ್ಲಿ ಅವರನ್ನು ನಮ್ಮ ಮನೆಗೇ ಕರೆತಂದೆವು. ಗಂಟಲಿನ ತೊಂದರೆ, ಗಂಜಿಯೂ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕಲೂ ನಮಗೆ ಸಂಕಟ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಎದಿ ತುಂಬ್ರಿ ಇವತ್ತು" ಅಂದರು.

"ನಿಮಗ ಉಣ್ಣಾಕ ಆಗಂಗಿಲ್ಲಲ್ಲ ಮಾವ."

"ನಾ ಯಾವಾಗ ಉಣ್ಣಾಕ ಮಾಡೀನಿ?"

ಮಾಡಿದೆವು. ಹೆಂಡತಿ ತುಂಬಿದಳು, ನಾನು ಹೊಲಿದೆ. ಮಂಚವನ್ನು ನಡುಮನೆಗೆ ಎತ್ತಿ ಇಡಿಸಿ, ತಲೆದಿಂಬು ಎತ್ತರಿಸಿಕೊಂಡು, ನಮ್ಮನ್ನೆಲ್ಲ ಎದುರಿಗೆ ಸಾಲಾಗಿ ಕೂಡಿಸಿದರು. ಅತ್ತೆ, ನಾವಿಬ್ಬರು, ಮಕ್ಕಳು. ಉಣ್ಣಲಾರದವರ ಮುಂದೆ ಉಣ್ಣುವುದು ಎಂಥ ಕಷ್ಟ ಎಂದು ಆ ದಿನ ಗೊತ್ತಾಯಿತು. ಹೆಂಡತಿಯ ಕಣ್ಣಿನಿಂದ ನೀರು ತಟ್ಟೆಗೇ ಬೀಳುತ್ತಿತ್ತು. ಮಾವ ನೋಡಿದರು.

"ಯವ್ವಾ, ಮುಖ ಹಂಗ ಮಾಡಬ್ಯಾಡ" ಅಂದರು, ದನಿಯೇ ಇಲ್ಲದ ದನಿಯಲ್ಲಿ. "ಉಪ್ಪು ಜಾಸ್ತಿ ಆದಂಗ ಕಾಣ್ತೈತಿ."

ಅವಳಿಗೆ ಅಳುವಿನಲ್ಲೇ ನಗು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ದೊಡ್ಡ ತುತ್ತು ಮುರಿದು ಬಾಯಿಗಿಟ್ಟಳು. ಮಕ್ಕಳೂ ಉಂಡವು, ಸಣ್ಣವಳು ಇನ್ನೊಂದು ಕೇಳಿದಳು. ಅವರು ನಮ್ಮ ಮುಖಗಳನ್ನು ಒಂದೊಂದಾಗಿ, ತುದಿಯಿಂದ ತುದಿಗೆ, ಮತ್ತೆ ತುದಿಯಿಂದ ತುದಿಗೆ ನೋಡಿದರು. ಎಲ್ಲರೂ ಕೈ ತೊಳೆಯುವವರೆಗೆ ನೋಡಿ, ಆಮೇಲೆ ಕಣ್ಣು ಮುಚ್ಚಿ ನಿದ್ದೆ ಹೋದರು. ಆ ವಾರ ದಾಟಲಿಲ್ಲ.

ಈಗ ನನ್ನ ಹತ್ತಿರ ಇರುವುದಿಷ್ಟು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮೋಟಾರು ಅಂಗಡಿ, ಅದರಲ್ಲಿ ದುಡಿಯುವ ನಾಲ್ಕು ಜನ. ತಾರಸಿಯ ಒಂದು ಮನೆ. ಎರಡು ಎಕರೆ ಹೊಲ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಮೂವರೂ ನನಗಿಂತ ಹೆಚ್ಚು ಓದಿದವರು. ಇದೆಲ್ಲ ನಾನು ದುಡಿದು ಮಾಡಿದ್ದು. ಹೆಂಡತಿ ಒಬ್ಬಳು. ಅವಳನ್ನು ಮಾವ ಕೊಟ್ಟರು.